ಲೀಸಿಗೆ ತಂದ ಕಾರಿನಲ್ಲಿ ಓಣಿಯ ಸವಾರಿ

ಕಳೆದ ಸೋಮವಾರ ಬೆಳಿಗ್ಗೆ ವಾಡಿಯ ನಮ್ಮ ಮನೆ ಮುಂದೆ ಕೆಂಪು ಕಾರೊಂದು ನಿಂತಿತ್ತು. ಅದರಲ್ಲಿ ಮೊದಲು ಸೀಟು ಹಿಡಿದದ್ದು ಕಾರು ತಂದವಳಲ್ಲ, ಪಕ್ಕದ ಮನೆ ಶರಣಮ್ಮನ ಶೇಂಗಾ ಹೋಳಿಗೆ ಡಬ್ಬ.

ಕಾರು ತಂದವಳು ನನ್ನ ಮೊಮ್ಮಗಳು ದೀಪಾ. ದಿನಾ ಬಸ್ಸಿನಲ್ಲಿ ಕಲಬುರಗಿಯ ಕಾಲೇಜಿಗೆ ಹೋಗುತ್ತಾಳೆ. ಮೊದಲ ಪೀರಿಯಡ್ಡಿಗೆ ಹಾಜರಿ ಸಾಲದು. ಇನ್ನೂ ತಪ್ಪಿದರೆ ಹಾಲ್ ಟಿಕೆಟ್ ಇಲ್ಲ ಎಂದಿದ್ದಾರೆ.

"ಆ ಬಸ್ಸು ಭಾಳ ಲಗೂ ಬರ್ತದ ಮುತ್ಯಾ. ಕಾರು ಲೀಸಿಗೆ ತಗೊಂತೀನಿ. ಕಲಿಯೂದು ಮುಗೀತಂದ್ರ ವಾಪಸ್ ಕೊಡೂದು."

(ಬಸ್ಸು ಬೇಗ ಬರುತ್ತದೋ, ಇವಳು ತಡವಾಗಿ ಏಳುತ್ತಾಳೋ? ಕೋಳಿಗಿಂತ ಮೊದಲು ಏಳುವ ನನಗೆ ಗೊತ್ತು.) ಒಂದು ದಿನ ಓಡಿಸಿ ನೋಡು, ಆಮೇಲೆ ಸಹಿ ಹಾಕು ಎಂದಿದ್ದೆ. ಕಾರಿನವರೂ ಒಪ್ಪಿ ಒಂದು ದಿನಕ್ಕೆ ಕೊಟ್ಟಿದ್ದರು.

ಓಣಿಯನ್ನು ಮಾತ್ರ ನಾವಿಬ್ಬರೂ ಮರೆತಿದ್ದೆವು. ನಮ್ಮ ಕಡೆ ಮನೆಗೆ ಬಂದ ಕಾರು ಒಬ್ಬರದಾಗಿ ಉಳಿದದ್ದುಂಟೇ?

"ಹೆಂಗೂ ಹೊಂಟಿ ಅಲ್ಲ ಬೇ, ದಾರ್ಯಾಗಿನ ಶಹಾಬಾದದಾಗ ನನ್ನ ಮಗಳಿಗಿ ಈ ಡಬ್ಬಿ ಕೊಟ್ಟು ಹೋಗು" ಎಂದಳು ಶರಣಮ್ಮ. ಅಷ್ಟರಲ್ಲಿ ಎದುರು ಮನೆ ಖಾಲಾ ಮಂಡಿಯ ಎಕ್ಸ್‌ರೇ ಹಿಡಿದು ಬಂದರು. "ಕಲಬುರಗಿ ದವಾಖಾನಿ ಮುಂದ ಇಳಸು ಬೇಟಾ, ಸಾಕು."

ಶಿಸ್ತಿನ ಮನುಷ್ಯ ನಾನಾದರೂ ತಡೆದೆನೇ? ಖಾಲಾಗೆ ಕಾರಿನ ಬಾಗಿಲು ತೆರೆದವನೇ ನಾನು.

ಸಂಜೆ ದೀಪಾ ಮುಖ ಊದಿಸಿಕೊಂಡು ಬಂದಳು. ಶಹಾಬಾದಿನಲ್ಲಿ ಶರಣಮ್ಮನ ಮಗಳು ಡಬ್ಬವನ್ನಷ್ಟೇ ತೆಗೆದುಕೊಂಡು ಬಿಡುತ್ತಾಳೆಯೇ? "ತವರುಮನಿ ಕಡಿಯಿಂದ ಬಂದೀರಿ, ಹಂಗ ಹ್ಯಾಂಗ ಹೋಗ್ತೀರಿ? ಕುಂದ್ರಿ" ಎಂದು ಒಲೆ ಹೊತ್ತಿಸಿದಳಂತೆ. ಮಂಡಕ್ಕಿ ಸುಸಲಾ ಆಯಿತು, ಚಹಾ ಆಯಿತು. ಆಮೇಲೆ ದವಾಖಾನೆಯಲ್ಲಿ ಖಾಲಾ ಚೀಟಿ ಮಾಡಿಸುವವರೆಗೆ ನಿಲ್ಲದೆ ಬರಲಾದೀತೇ?

ಮೊದಲ ಪೀರಿಯಡ್ ಹೋಯಿತು. ಎರಡನೆಯದರ ಅರ್ಧವೂ ಹೋಯಿತು.

"ಬಸ್ಸಿನ್ಯಾಗ ಹೋಗಿದ್ರ ಎರಡನೇದಾದ್ರೂ ಪೂರಾ ಸಿಗ್ತಿತ್ತು" ಎಂದಳು. ಸಹಿ ಹಾಕಲಿಲ್ಲ. ಕಾರು ಹಿಂದಿರುಗಿತು.

ಮರುದಿನ ಅವಳು ನನ್ನ ಜೊತೆಗೇ ಎದ್ದಳು. ಬ್ಯಾಗು ಹೆಗಲಿಗೇರಿಸಿ ಹೊರಟವಳನ್ನು ಖಾಲಾ ಬಾಗಿಲಲ್ಲೇ ಹಿಡಿದರು. "ಕಾರ್ ಯಾಕ ವಾಪಸ್ ಕೊಟ್ಟಿ ಬೇಟಾ? ಛಲೋ ಇತ್ತಲ್ಲ."

"ಛಲೋ ಇತ್ತು ಖಾಲಾ. ಆದ್ರ ಬಸ್ಸಿನ ಡ್ರೈವರ್‌ಗೆ ನಮ್ಮ ಓಣಿ ಗುರ್ತಿಲ್ಲ ನೋಡ್ರಿ" ಎನ್ನುತ್ತಾ ಓಡಿದಳು.

ವಿದ್ಯಾರ್ಥಿಗೆ ಕಾರು ಲೀಸಿಗೆ ಸಿಗುತ್ತದೆ, ಸರಿ. "ಆಗೂದಿಲ್ರಿ" ಎನ್ನುವ ನಾಲಿಗೆಯನ್ನು ಯಾರು ಲೀಸಿಗೆ ಕೊಡುತ್ತಾರೆ?