ಗೋಮಾತೆಯ ಉಣ್ಣಿ

ನಮ್ಮ ಮನೆಯ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ಗುರುವಾರ ಸಂಜೆಯಿಂದ ಶುಕ್ರವಾರ ಬೆಳಗಿನವರೆಗೆ ಒಂದು ಕಟ್ಟು ಅಗಸೆ ಸೊಪ್ಪು ರಾಜಠೀವಿಯಿಂದ ಮಲಗಿರುತ್ತಿತ್ತು; ಅದಕ್ಕೆ ಜಾಗ ಬಿಟ್ಟುಕೊಟ್ಟು ನನ್ನ ಮಜ್ಜಿಗೆಯ ಪಾತ್ರೆ ಮೂಲೆ ಸೇರುತ್ತಿತ್ತು. ಸೊಪ್ಪು ನಮಗಲ್ಲ, ಗೋಮಾತೆಗೆ. ಮಾಧವರಂನ ನಮ್ಮ ವಸತಿ ಸಮುಚ್ಚಯದ ಗೇಟಿನೆದುರು ಶುಕ್ರವಾರ ಬೆಳಿಗ್ಗೆ ಬಂದು ನಿಲ್ಲುವ ಬಿಳಿ ಹಸುವಿಗೆ ನನ್ನ ಹೆಂಡತಿ ಶಾರದೆ ಅದನ್ನು ತಿನ್ನಿಸಿ, ಬಾಲದ ಬುಡಕ್ಕೆ ಅರಿಶಿನ ಕುಂಕುಮ ಹಚ್ಚಿ, ಮುಟ್ಟಿದ ಕೈಯನ್ನು ಕಣ್ಣಿಗೊತ್ತಿಕೊಂಡು ಬರುತ್ತಿದ್ದಳು. ರೈಲ್ವೆ ನೌಕರಿ ನಮ್ಮನ್ನು ಮೈಸೂರಿನಿಂದ ಇಲ್ಲಿಗೆ ತಂದಾಗ ಭಕ್ತಿ ತವರಿನಿಂದ ಬಂತು, ಸೊಪ್ಪಿನ ಪದ್ಧತಿಯನ್ನು ಈ ತಮಿಳು ಊರು ಸೇರಿಸಿಕೊಟ್ಟಿತು.

ವಾರದ ಉಳಿದ ಆರು ದಿನ ಗೋಮಾತೆ ಎಲ್ಲಿರುತ್ತಾಳೆಂದು ನಾವ್ಯಾರೂ ಕೇಳಿದವರಲ್ಲ. ಕೇಳುವುದೇನು, ಬಾಲ್ಕನಿಯಿಂದ ಬಗ್ಗಿದರೆ ಕಾಣುತ್ತಿತ್ತು. ಹಿಂದಿನ ಖಾಲಿ ಸೈಟಿನಲ್ಲಿ, ನಮ್ಮದೇ ಸ್ನಾನದ ಮನೆಗಳ ಒಡೆದ ಟೈಲ್ಸು, ನಮ್ಮದೇ ಹಳೆಯ ಹಾಸಿಗೆ, ನಮ್ಮದೇ ಎಂಜಲಿನ ಚೀಲಗಳ ನಡುವೆ ಅವಳ ವಾಸ. ಎಂಜಲಿಗೆ ಇಲಿ ಬಂತು, ನೆರಳಿಗೆ ನಾಯಿ ಬಂತು, ಎದೆಯೆತ್ತರ ಬೆಳೆದ ಹುಲ್ಲಿಗೆ ಹಸು ಬಂತು, ಇವರೆಲ್ಲರ ರಕ್ತಕ್ಕೆ ಉಣ್ಣಿ ಬಂತು. ಎಳ್ಳುಕಾಳಿನಷ್ಟಿರುವ ಈ ಉಣ್ಣಿ ಮರಿಯಾಗಿದ್ದಾಗ ಇಲಿಯನ್ನು ಹಿಡಿಯುತ್ತದೆ, ಬೆಳೆದ ಮೇಲೆ ನಾಯಿಯನ್ನೋ ದನವನ್ನೋ ಹಿಡಿಯುತ್ತದೆ; ಹೊಟ್ಟೆ ತುಂಬಿದಾಗ ಕೆಳಗುದುರಿ, ಹಸಿದಾಗ ಮತ್ತೆ ಹುಲ್ಲಿನ ತುದಿಗೇರಿ ಮುಂಗಾಲು ಚಾಚಿ ಕಾಯುತ್ತದೆ. ಒಂದರ ರಕ್ತದಿಂದ ಹೀರಿದ ರೋಗವನ್ನು ಇನ್ನೊಂದಕ್ಕೆ ದಾಟಿಸುವಾಗ ಕುಲಗೋತ್ರ ವಿಚಾರಿಸುವುದಿಲ್ಲ. ಅದನ್ನು ವಿಚಾರಿಸುವವರು ನಾವು.

ಹಾಗಾಗಿಯೇ, ಮೆಟ್ಟಿಲ ಮೇಲೆ ಯಾರಿಗೋ ಒಂದು ಉಣ್ಣಿ ಸಿಕ್ಕಾಗ, ನಿವಾಸಿಗಳ ಸಂಘ ತುರ್ತು ಸಭೆ ಸೇರಿ ನಾಯಿಯನ್ನು ಅಪರಾಧಿಯೆಂದು ಸಾರಿತು. ಆ ನಾಯಿಗೆ ಬಾಲ ಅರ್ಧವೇ ಇತ್ತು, ಮಾನ ಅದಕ್ಕಿಂತ ಕಡಿಮೆ. ಸಭೆಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಮಾತಾಡಿದವನು ನಾನು. ಶುಚಿತ್ವ, ಆರೋಗ್ಯ, ನಾಗರಿಕತೆ ಎಂದೆಲ್ಲ ಹೇಳಿ ಚಪ್ಪಾಳೆಯನ್ನೂ ಗಿಟ್ಟಿಸಿದೆ. ವ್ಯಾನು ಬಂತು, ನಾಯಿ ಹೋಯಿತು. ಖಾಲಿ ಸೈಟಿನ ಕಸ ತೆಗೆಸುವ ಮಾತನ್ನು ಕಾರ್ಯದರ್ಶಿಗಳು ಮುಂದಿನ ಸಭೆಗೆ ಮುಂದೂಡಿದರು. ಶುಕ್ರವಾರದ ಹಸುವಿನ ಹೆಸರನ್ನು ಅಲ್ಲಿ ಎತ್ತುವ ಧೈರ್ಯ ಯಾರಿಗಿತ್ತು, ಹೇಳಿ?

ಎರಡು ವಾರ ಕಳೆದ ಮೇಲೆ ಶಾರದೆಗೆ ಜ್ವರ ಬಂತು. ಮಾತ್ರೆಗೆ ಇಳಿಯಲಿಲ್ಲ. ತಲೆ ಸಿಡಿಯುತ್ತಿದೆಯೆಂದು ಅವಳು ಗೋಡೆಗೆ ಹಣೆಯೊತ್ತಿ ಕೂರತೊಡಗಿದಾಗ ಪೋರೂರಿನ ಒಂದು ಆಸ್ಪತ್ರೆಗೆ ಸೇರಿಸಿದೆ. ಡೆಂಗಿ ಅಲ್ಲ, ಮಲೇರಿಯಾ ಅಲ್ಲ, ಟೈಫಾಯ್ಡೂ ಅಲ್ಲವೆಂದು ಪರೀಕ್ಷೆಗಳು ಹೇಳಿದವು. ಆಗ ಹಿರಿಯ ಡಾಕ್ಟರು ಅವಳ ಮುಖ ನೋಡಿ, ಇತ್ತೀಚೆಗೆ ಯಾವುದಾದರೂ ಪ್ರಾಣಿಯ ಒಡನಾಟ ಇತ್ತೇ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಶಾರದೆ ತುಟಿ ತೆರೆದಳು. "ನೀನು ಸುಮ್ನಿರು, ಆಯಾಸ ಮಾಡ್ಕೋಬೇಡ," ಎಂದು ಅವಳನ್ನು ತಡೆದು, ಡಾಕ್ಟರತ್ತ ತಿರುಗಿ ಎದೆಯುಬ್ಬಿಸಿ ಹೇಳಿದೆ: "ನೋ ಡಾಕ್ಟರ್, ನಾವು ಪ್ಯೂರ್ ವೆಜಿಟೇರಿಯನ್. ಮನೆಗೆ ನಾಯಿ ಬೆಕ್ಕು ಸೇರಿಸೋದಿಲ್ಲ."

ಈಗ ನಗಬೇಡಿ. ನೀವೂ ಹಾಗೆಯೇ ಹೇಳುತ್ತಿದ್ದಿರಿ. ನಮ್ಮ ಮನೆಯ ಪ್ರಾಣಿಗಳ ಪಟ್ಟಿಯಲ್ಲಿ ಹಸು ಇರಲಿಲ್ಲ. ಅದು ದೇವರ ಪಟ್ಟಿಯಲ್ಲಿತ್ತು. ಸಸ್ಯಾಹಾರವನ್ನು ಲಸಿಕೆಯೆಂದು ನಂಬಿದ ಮೂಢರಲ್ಲಿ ಅಗ್ರಪೂಜೆ ನನಗೇ ಸಲ್ಲಬೇಕು. ಆ ಒಂದು ಉತ್ತರದಿಂದಾಗಿ ಐದು ದಿನ ಯಾರೂ ಉಣ್ಣಿಯ ಕಡೆ ಯೋಚಿಸಲಿಲ್ಲ. ಐದನೆಯ ದಿನ ಅವಳ ಅಂಗೈ ಅಂಗಾಲುಗಳಲ್ಲಿ ಕೆಂಪು ಬೊಟ್ಟುಗಳೆದ್ದವು, ಕರೆದರೆ ಓಗೊಡಲು ತಡಮಾಡತೊಡಗಿದಳು, ಮೂತ್ರಪಿಂಡ ಸೋಲುತ್ತಿದೆಯೆಂದರು. ಅವಳು ಉಳಿಯುವುದಿಲ್ಲವೇನೋ ಎಂಬ ಭಯ ಅಂದು ಮೊದಲ ಸಲ ಹುಟ್ಟಿತು.

ಆ ಮಧ್ಯಾಹ್ನ ಬಂದ ಕಿರಿಯ ವೈದ್ಯೆ ಬೊಟ್ಟುಗಳನ್ನು ನೋಡಿದವರೇ ನನ್ನತ್ತ ತಿರುಗಿ, "ಸಾರ್, ನೀಂಗ ಕೊಂಜಂ ವೆಳಿಯಿಲ ಇರುಂಗ," ಎಂದು ತಮಿಳಿನಲ್ಲೇ ಹೇಳಿ ನನ್ನನ್ನು ಹೊರಗೆ ಕಳಿಸಿದರು. ಬಾಗಿಲ ಸಂದಿಯಿಂದ ನೋಡಿದೆ. ಅವರು ಮಂಚದ ಅಂಚಿನಲ್ಲಿ ಕೂತು, ಶಾರದೆಯ ಕಿವಿಯ ಬಳಿ ಬಗ್ಗಿ ಏನೋ ಕೇಳಿ, ಉತ್ತರ ಬರುವವರೆಗೆ ಕಾದರು. ಹಾಗೆ ಕಾಯುವುದನ್ನು ನಮ್ಮ ಸಂಸಾರದಲ್ಲಿ ಯಾರೂ ಕಲಿತಿರಲಿಲ್ಲ. ಶಾರದೆ ತೊದಲುತ್ತಲೇ ಶುಕ್ರವಾರದ ಹಸುವನ್ನೂ, ಮೊಣಕಾಲಿನ ಹಿಂದೆ ಕಚ್ಚಿಕೊಂಡಿದ್ದ ಉಣ್ಣಿಯನ್ನು ತಾನೇ ಕಿತ್ತೆಸೆದದ್ದನ್ನೂ ಹೇಳಿದಳು. ಸಂಜೆಯೊಳಗೆ ಔಷಧ ಬದಲಾಯಿತು. ಉಣ್ಣಿ ತರುವ ಟೈಫಸ್ ಜ್ವರವಂತೆ. ಮೊದಲೇ ಗೊತ್ತಾಗಿದ್ದರೆ ಅಗ್ಗದ ಮಾತ್ರೆಯೇ ಸಾಕಿತ್ತಂತೆ.

ಅದಾದ ಮೂರನೆಯ ದಿನ ಜ್ವರ ಇಳಿಯಿತು. ದಿಂಬಿಗೊರಗಿ ಗಂಜಿ ಕುಡಿಯುತ್ತ ಅವಳು ಹೇಳಿದಳು: "ಆವತ್ತೇ ಹೇಳೋಕೆ ಬಾಯಿ ತೆಗ್ದೆ. ಸುಮ್ನಿರು ಅಂದ್ರಿ. ನಾನು ಸತ್ತೋಗಿದ್ರೂ ನೀವೇ ಹೇಳ್ತಿದ್ರೇನೋ, ಅವಳಿಗೇನೂ ಆಗಿಲ್ಲ ಡಾಕ್ಟರ್ ಅಂತ." ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಜಗಳವಾಡಿ ಗೆಲ್ಲಬಹುದಿತ್ತು.

ಅಷ್ಟರಲ್ಲಿ ಹಿರಿಯ ಡಾಕ್ಟರು ಒಳಗೆ ಬಂದು, ಅಭ್ಯಾಸದಂತೆ ನನ್ನನ್ನೇ ನೋಡಿ, ಇವತ್ತು ಹೇಗಿದ್ದಾರೆ ಎಂದು ಕೇಳಿದರು. ನಾಲಿಗೆಯ ತುದಿಗೆ ಉತ್ತರ ಬಂದೇಬಿಟ್ಟಿತ್ತು. ನುಂಗಿಕೊಂಡು ಗೋಡೆಯ ಕಡೆ ತಿರುಗಿ ನಿಂತೆ. ಶಾರದೆ ಲೋಟ ಕೆಳಗಿಟ್ಟಳು, ಬಾಯಿ ಒರೆಸಿಕೊಂಡಳು, ನಾನು ಇನ್ನೂ ಮಾತಾಡುತ್ತಿಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಒಂದು ಕ್ಷಣ ಕಾದಳು, ಆಮೇಲೆ ನಿಧಾನವಾಗಿ ಹೇಳತೊಡಗಿದಳು.