ರೊಟ್ಟಿ ಬಡಿಯಲು ಕಲಿಸಿದವಳು

ಈಗಲೂ ಯಾರದಾದರೂ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳಿದರೆ ನನಗೆ ತವರೂರು ಹೊರ್ತಿಯ ಚಾಚಿಯ ಅಡುಗೆಮನೆ ಬೇಕು ಅನ್ನಿಸುತ್ತದೆ. ಅನ್ನಿಸುವುದೇನು, ಜೀವ ಹಂಬಲಿಸುತ್ತದೆ. ಆಕೆ ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆಯ ಮುಸಲ್ಮಾನರ ಹೆಣ್ಣುಮಗಳು. ನಮ್ಮವ್ವನಿಗೆ ತಾಳ್ಮೆ ಕಡಿಮೆ. ನನ್ನ ರೊಟ್ಟಿ ಹರಿದರೆ ಸಾಕು, ಒಲೆಯ ಮುಂದಿನಿಂದ ಎಬ್ಬಿಸಿಬಿಡುತ್ತಿದ್ದಳು. ಹಾಗೆ ಎದ್ದವಳು ಹೋಗಿ ಚಾಚಿಯ ಒಲೆಯ ಮುಂದೆ ಕೂತೆ. "ಹಿಟ್ಟಿನ ಮ್ಯಾಲ ಸಿಟ್ಟು ಮಾಡಬ್ಯಾಡ, ಅಂಗೈ ಸಡಲ ಬಿಡು" ಅನ್ನುತ್ತಾ ಆಕೆ ಕಲಿಸಿದಳು. ಎಪ್ಪತ್ತರ ದಶಕದ ಆ ದಿನಗಳಲ್ಲಿ ನನಗೆ ಹದಿನಾಲ್ಕು ವರ್ಷ.

ಅದೇ ವರ್ಷ ನಮ್ಮಕ್ಕನ ಮದುವೆ ಬಂತು. ಮದುವೆ ಮನೆಗೆ ಓಣಿಯ ಹೆಂಗಸರೆಲ್ಲ ಬಂದು ರೊಟ್ಟಿ ಬಡಿದು, ಒಣಗಿಸಿ, ಪೇರಿಸಿಟ್ಟು ಹೋಗುವುದು ನಮ್ಮ ಕಡೆಯ ರೂಢಿ. ಅದಕ್ಕೆ ಬೇಕಾದ ಜೋಳವನ್ನು ಚಾಚಿ ಮೂರು ದಿನ ನಮ್ಮ ಕಟ್ಟೆಯ ಮೇಲೆ ಕೂತು ಹಸನು ಮಾಡಿಕೊಟ್ಟಿದ್ದಳು. ರೊಟ್ಟಿ ಬಡಿಯುವ ದಿನ ಕೈ ತೊಳೆದುಕೊಂಡು ಉಳಿದವರ ಸಾಲಿನಲ್ಲಿ ಬಂದು ಕೂತಳು. ದೊಡ್ಡವ್ವ ನಗುತ್ತಲೇ, "ನೀ ಯಾಕ ತ್ರಾಸ ತಗೋತಿ? ಅಲ್ಲೇ ನೆರಳಾಗ ಕೂಡು, ಚಾ ಕುಡಿ" ಅಂದಳು. ಕಾಳು ಮುಟ್ಟಿದ್ದ ಕೈ ನೀರು ಬಿದ್ದ ಹಿಟ್ಟನ್ನು ಮುಟ್ಟುವ ಹಾಗಿರಲಿಲ್ಲ. ಎಲ್ಲರಿಗೂ ತಿಳಿಯಿತು. ಚಾಚಿ ಎದ್ದು ಬೇವಿನ ಮರದ ಕೆಳಗೆ ಹೋಗಿ ಕೂತಳು.

ಆಕೆ ಬಿಟ್ಟ ಜಾಗದಲ್ಲಿ ನನ್ನನ್ನು ಕೂಡಿಸಿದರು. ನನ್ನ ರೊಟ್ಟಿ ಹಂಚಿನ ಮೇಲೆ ಉಬ್ಬಿದ್ದೇ ತಡ, ದೊಡ್ಡವ್ವ ಕೇಳಿದಳು: "ಯಾರ ಕಲಿಸ್ಯಾರ ಬೇ, ಇಷ್ಟ ಚಂದ?"

ಚಾಚಿ ಹತ್ತು ಹೆಜ್ಜೆ ದೂರದಲ್ಲಿದ್ದಳು. "ನಮ್ಮವ್ವ" ಅಂದೆ. ಅವ್ವನೂ ಅಲ್ಲ ಅನ್ನದೆ ಮುಂದಿನ ರೊಟ್ಟಿಗೆ ಹಿಟ್ಟು ನಾದಿದಳು.

ಅದಾಗಿ ನಾಲ್ಕು ವರ್ಷಕ್ಕೆ ನನ್ನನ್ನು ಮುದ್ದೇಬಿಹಾಳಕ್ಕೆ ಕೊಟ್ಟರು. ಅಲ್ಲಿ ಒಂದು ದಿನ ಬೀಗರು ಉಣ್ಣಲು ಕೂತಾಗ ಅತ್ತೆ ಅದೇ ಪ್ರಶ್ನೆ ಕೇಳಿದಳು. ಈ ಸಲ ನಿಜ ನುಂಗಿಕೊಳ್ಳಲಿಲ್ಲ. "ನಮ್ಮ ಬಾಜೂಮನಿ ಮುಸಲರ ಚಾಚಿ ಕಲಿಸ್ಯಾಳ್ರಿ. ಆಕಿ ಒಲಿ ಮುಂದ ಕುಂತು ಕಲ್ತೇನಿ" ಅಂದೆ. ಒಬ್ಬಾಕೆ ಬಾಯಿಗೆ ಒಯ್ದ ತುತ್ತನ್ನು ತಾಟಿಗೆ ಇಳಿಸಿದಳು. ಇಳಿಸಿದರೆ ಇಳಿಸಲಿ ಎಂದು ನಾನು ಇನ್ನೊಂದು ರೊಟ್ಟಿ ಬಡಿದೆ, ತುಸು ಜೋರಾಗಿಯೇ.

ಮುಂದೆ ತವರಿಗೆ ಬಂದವಳು ಕೈಯಲ್ಲಿದ್ದ ಚೀಲ ಸಹಿತ ಚಾಚಿಯ ಮನೆಗೆ ಓಡಿ, ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಶಹಬ್ಬಾಸ್ ಅನ್ನುತ್ತಾಳೆ ಅಂದುಕೊಂಡಿದ್ದೆ. ಆಕೆ ನನ್ನ ಕೈ ಹಿಡಿದು, ಅಂಗೈ ಬಿಡಿಸಿ, ಸವರುತ್ತಾ ಕೂತಳು.

"ಅಲ್ಲಿ ಅಂದಿ, ಛಲೋ ಆತವ್ವ," ಅಂದಳು. "ಇಲ್ಲಿ ಅಂದಿದ್ರ ನಾನೂ ಕೇಳತಿದ್ದೆ."