ಅವರು ಮತ್ತೆ ಹಾಕಿದ ಸಹಿ

ತವರಿನಿಂದ ತಟ್ಟೆ ಬಂದರೆ ಏನು, ಎತ್ತ ಎಂದು ಕೇಳದೆ ಹೊಸಿಲಲ್ಲೇ ಎರಡೂ ಕೈಯಿಂದ ತೆಗೆದುಕೊಳ್ಳಬೇಕು. ತಮಿಳುನಾಡಿನ ಕಂಬಂ ಕಣಿವೆಯ ನಮ್ಮ ಕನ್ನಡ ಮನೆಗಳಲ್ಲಿ ಇದನ್ನು ಯಾರೂ ಕೂರಿಸಿಕೊಂಡು ಕಲಿಸುವುದಿಲ್ಲ. ಅಮ್ಮ ತೆಗೆದುಕೊಳ್ಳುವುದನ್ನು ನೋಡಿದ್ದೆ, ನಾನೂ ತೆಗೆದುಕೊಳ್ಳುತ್ತ ಬಂದೆ. ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು, ಮೇಲೊಂದು ತೆಂಗಿನಕಾಯಿ. ಮದುವೆಗೋ, ಮಗುವಿಗೆ ಕಿವಿ ಚುಚ್ಚುವುದಕ್ಕೋ, ಹೊಸ ಮನೆಗೋ ಕರೆಯಲು ಬರುವ ತಟ್ಟೆ ಅದು. ಹೆಂಗಸು ತೆಗೆದುಕೊಂಡಳೆಂದರೆ ಮನೆಯೆಲ್ಲ ಒಪ್ಪಿತು ಎಂದೇ ಲೆಕ್ಕ. ಒಪ್ಪಿಗೆ ಇಲ್ಲದಿದ್ದರೆ, ಎಲೆಯನ್ನು ಯಾರೂ ಬಾಯಿಗೆ ಹಾಕುವ ಮೊದಲು, ಅದೇ ದಿನ ತಟ್ಟೆಯನ್ನು ಹಿಂದಕ್ಕೆ ಕಳಿಸಬೇಕು. ಹಾಗೆ ಕಳಿಸಿದವರನ್ನು ನಾನಂತೂ ನೋಡಿಲ್ಲ.

ಅವತ್ತು ನಮ್ಮ ಹನುಮಂತನಪಟ್ಟಿಯ ತೋಟದಲ್ಲಿ ದ್ರಾಕ್ಷಿ ಬಳ್ಳಿ ಕತ್ತರಿಸುವ ಕೆಲಸ ನಡೆದಿತ್ತು. ಮನೆಯವರು ಬೆಳಿಗ್ಗೆಯೇ ಹೋಗಿದ್ದರು. ನಾನು ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದೆ. ಕಾರು ನಿಂತಿತು, ನನ್ನ ದೊಡ್ಡಮ್ಮನ ಮಗ ಇಳಿದ. ಒಡ್ಡನ್‌ಛತ್ರಂ ಮಾರ್ಕೆಟ್ಟಿನಲ್ಲಿ ತರಕಾರಿ ಮಂಡಿ ಇಟ್ಟಿರುವ ಅಣ್ಣ. ಜೊತೆಗೆ ಬಿಳಿ ಅಂಗಿಯ ಇಬ್ಬರು. ಅಣ್ಣನ ಕೈಯಲ್ಲಿ ತಟ್ಟೆ.

"ತಂಗಚ್ಚೀ, ಮೊದ್ಲು ಇದ ತಕ್ಕೊ, ನೀರು ಆಮ್ಯಾಲೆ ಕೊಡೂವೆ."

ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡೆ. "ಏನಣ್ಣಾ ವಿಶೇಷ? ಮಗಳಿಗೆ ಗಂಡು ಕೂಡಿ ಬಂತಾ?"

"ಒಂದಲ್ಲ, ಹದಿನೆಂಟು ಗಂಡು," ಎಂದು ನಕ್ಕ. "ದಿಂಡಿಗಲ್ ನಮ್ಮ ಕ್ಲಬ್ಬಿನ ಹಾಕಿ ಟೀಮಿಗೆ ನಿನ್ನ ಗಂಡನ್ನ, ನಮ್ಮ ಮಾಪ್ಳೇನ ಮ್ಯಾನೇಜರ್ ಮಾಡ್ತಾ ಇದೀವಿ. ಅವನ್ನ ಕೇಳಿದ್ರ ಮಾಟೇನ್, ಆಗಾಕಿಲ್ಲ ಅಂತಾನ. ಅದಕ್ಕ ನಿನ್ನ ಕೇಳಾಕೆ ಬಂದೆ."

"ಕೇಳ್ಲಿಲ್ಲವಲ್ಲಣ್ಣಾ. ತಟ್ಟೆ ಕೊಟ್ಟೇಬಿಟ್ಟೆ."

ಬಿಳಿ ಅಂಗಿಯವರಿಗೆ ನಮ್ಮ ಮಾತು ತಿಳಿಯದಿದ್ದರೂ ಅಣ್ಣನ ಜೊತೆ ಅವರೂ ನಕ್ಕರು. ನಾನು ಮಜ್ಜಿಗೆ ತರಲು ಒಳಗೆ ಹೋದೆ. ಇನ್ನೇನು ಮಾಡಬೇಕಿತ್ತು ಎಂದು ಈಗಲೂ ಯೋಚಿಸುತ್ತೇನೆ, ಹೊಳೆಯುವುದಿಲ್ಲ.

ಮನೆಯವರ ವಿಷಯ ಇಲ್ಲಿ ಹೇಳಬೇಕು. ಅವರು ನನ್ನ ಸೋದರಮಾವನ ಮಗ. ನಮ್ಮ ಕಡೆಯ ವಾಡಿಕೆಯಂತೆ ನಾನು ಮಾಮಾ ಎಂದೇ ಕರೆಯುವುದು. ಒಂದು ಕಾಲದಲ್ಲಿ ಈ ಸೀಮೆಯಲ್ಲಿ ಅವರ ಹೆಸರು ಗೊತ್ತಿಲ್ಲದ ಮಕ್ಕಳಿರಲಿಲ್ಲ. ಸೆಂಟರ್ ಹಾಫ್ ಆಡುತ್ತಿದ್ದರು, ದೇಶದ ತಂಡಕ್ಕೂ ಆಡಿದರು. ಆಟ ನಿಲ್ಲಿಸಿದ ಮೇಲೆ ಬೇರೊಂದು ಊರಿನ ತಂಡಕ್ಕೆ ಎರಡು ವರ್ಷ ಮ್ಯಾನೇಜರ್ ಆಗಿದ್ದರು. ಅಲ್ಲಿ ಒಂದು ದಿನ, ಅವರು ಸಹಿ ಹಾಕಿ ಕೊಟ್ಟ ಪಟ್ಟಿಯಲ್ಲಿ ಕ್ಲಬ್ಬಿನವರು ಒಬ್ಬನ ಹೆಸರಿನ ಮೇಲೆ ಬಿಳಿ ಬಳಿದು ಇನ್ನೊಬ್ಬನ ಹೆಸರು ಬರೆದಿದ್ದರು. ಹೆಸರು ಹೋದವನ ತಾಯಿ ಮೈದಾನದ ಗೇಟಿನ ಹತ್ತಿರ ಇವರನ್ನು ನಿಲ್ಲಿಸಿ, "ಕೆಳಗೆ ನಿಮ್ಮ ಸಹಿಯೇ ಇದೆಯಲ್ಲ ಸಾರ್," ಎಂದರಂತೆ. ಅಷ್ಟೇ ಮಾತು, ಬೈಗುಳವಿಲ್ಲ, ಅಳುವಿಲ್ಲ. ಇವರು ಅಲ್ಲಿಂದ ನೇರ ಬಸ್ಸು ಹತ್ತಿ ಮನೆಗೆ ಬಂದರು. ಸ್ಟಿಕ್ಕುಗಳನ್ನು ಗೋಣಿಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರು. ಟಿವಿಯಲ್ಲಿ ಹಾಕಿ ಆಟ ಬಂದರೆ ತೋಟಕ್ಕೆ ಹೊರಡುತ್ತಿದ್ದರು. ನಾನು ಯಾವತ್ತೂ ಆ ಮಾತು ಎತ್ತಿರಲಿಲ್ಲ.

ಮಧ್ಯಾಹ್ನ ಬಂದವರು ಕತ್ತರಿಯನ್ನು ಕಿಟಕಿಯಲ್ಲಿಟ್ಟು, "ಯಾರ್ ಬಂದಿದ್ದು? ಕಾರಿನ ಗುರುತು ಐತೆ," ಎಂದರು. ಹೇಳಿದೆ. ಕಾಲು ತೊಳೆಯುತ್ತಲೇ ಇದ್ದರು, ತೊಟ್ಟಿಯ ನೀರು ಅರ್ಧಕ್ಕೆ ಇಳಿಯಿತು.

"ತಟ್ಟೆ ಎಲ್ಲಿ?"

ತೋರಿಸಿದೆ. ಎಲೆ ಕಡಿಮೆಯಾಗಿತ್ತು. ಮೂಲೆಯಲ್ಲಿ ಕುಟ್ಟಾಣಿಯ ಮುಂದೆ ಕೂತಿದ್ದ ಅತ್ತೆ, "ನಾ ಮೆದ್ದೆ ಕಣೋ. ಎಳೇ ಎಲೆ, ಖಾರವೇ ಇಲ್ಲ," ಎಂದರು.

"ಉಗುಳಾಕಾಯ್ತದಾ ಅವ್ವಾ?"

"ನುಂಗ್ಯಾಯ್ತಪ್ಪಾ. ಯಾಕ, ವಿಷ ಗಿಷ ಇಟ್ಟಿದ್ರಾ?"

ಇವರಿಗೆ ನಗು ಬರುವ ಹಾಗಾಯಿತು, ಬರಲಿಲ್ಲ. ನನ್ನ ಕಡೆ ತಿರುಗಿದರು. "ಏ ಪುಳ್ಳೆ, ನನ್ನ ಒಂದು ಮಾತು ಕೇಳಾಕಿಲ್ವಾ?"

"ತವರ ತಟ್ಟೆ ಮಾಮಾ. ಹೊಸಿಲಲ್ಲಿ ನಿಲ್ಸಿ ಹೆಂಗ ಕೇಳ್ಲಿ?"

ಅವರೂ ಇದೇ ಮನೆಯಲ್ಲಿ ಹುಟ್ಟಿ ಬೆಳೆದವರು. ಊಟ ಮುಗಿಸಿ ಅಣ್ಣನಿಗೆ ಫೋನ್ ಮಾಡಿದರು. ನಾನು ಸಾರಿನ ಪಾತ್ರೆ ಹಿಡಿದುಕೊಂಡೇ ನಿಂತಿದ್ದೆ. "ಬರ್ತೀನಿ. ಒಂದೇ ಮಾತು. ನಾ ಬರೆದ ಹೆಸರಿಗೇ ನಾ ಸೈನ್ ಹಾಕಾದು. ಬೇರೇರು ಬರೆದ ಪಟ್ಟಿ ನನ್ನ ಮುಂದ ತರಬ್ಯಾಡ."

ಆ ಕಡೆಯಿಂದ ಅಣ್ಣನ ದನಿ ನನಗೂ ಕೇಳಿಸಿತು. "ಮಾಪ್ಳೆ, ಅಲ್ಲಿ ನೀ ತಾನ ರಾಜಾ!"

ಆಮೇಲಿನ ಮೂರು ತಿಂಗಳು ಮನೆ ಬೇರೆಯದೇ ಆಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಗೋಣಿ ಅಟ್ಟದಿಂದ ಇಳಿಯಿತು. ಸ್ಟಿಕ್ಕಿನ ಹಿಡಿಯ ಹಳೇ ಪಟ್ಟಿ ಬಿಚ್ಚಿ ಹೊಸದು ಸುತ್ತಿದರು. ಊಟಕ್ಕೆ ಕೂತರೆ ಉಪ್ಪಿನ ಡಬ್ಬಿ, ಉಪ್ಪಿನಕಾಯಿ ಶೀಶೆ, ನೀರಿನ ಲೋಟ ಎಲ್ಲ ಆಟಗಾರರಾಗುತ್ತಿದ್ದವು. "ಚೆಂಡು ಬರೋ ಮುಂಚೆ ಇವನು ತಲೆ ಎತ್ತಿ ನೋಡ್ಬೇಕು," ಎಂದು ಉಪ್ಪಿನ ಡಬ್ಬಿಯನ್ನು ತಿರುಗಿಸುತ್ತಿದ್ದರು. "ಮಗಾ, ಅದ ಈ ಕಡೆ ತಳ್ಳು, ನನ್ನ ಸಾರಿಗೆ ಉಪ್ಪಿಲ್ಲ," ಎನ್ನುತ್ತಿದ್ದರು ಅತ್ತೆ. ಮನೆಯವರ ಹಳೇ ಮಂಡಿ ನೋವು ಹೋಗಿರಲಿಲ್ಲ. ಆದರೆ ದಿಂಡಿಗಲ್‌ಗೆ ಪ್ರಾಕ್ಟೀಸಿಗೆ ಹೋಗುವ ಶುಕ್ರವಾರ ಬೆಳಿಗ್ಗೆ ನಾನು ಎಬ್ಬಿಸುವುದೇ ಬೇಕಿರಲಿಲ್ಲ.

ಪ್ರತಿ ಶುಕ್ರವಾರ ಎರಡು ಪೊಟ್ಟಣ ಕಟ್ಟುತ್ತಿದ್ದೆ. ಒಂದು ಇವರಿಗೆ. ಇನ್ನೊಂದು ತೇನಿ ಬಸ್‌ಸ್ಟ್ಯಾಂಡಿನಲ್ಲಿ ಇವರಿಗಾಗಿ ಕಾಯುತ್ತಿದ್ದ ಒಬ್ಬ ಆಟಗಾರನಿಗೆ. ಇಪ್ಪತ್ತೆರಡು ವಯಸ್ಸಿನವನು. ಬೋಡಿಮೆಟ್ಟಿನ ಮೇಲೆ ಏಲಕ್ಕಿ ಎಸ್ಟೇಟಿನಲ್ಲಿ ಅಪ್ಪ ಅಮ್ಮನ ಜೊತೆ ತಾನೂ ಕೆಲಸ ಮಾಡುತ್ತಿದ್ದ. ಬೆಳಕು ಹರಿಯುವಾಗ ಜೀಪಿನಲ್ಲಿ ಘಾಟಿ ಇಳಿದು ಬೋಡಿಗೆ ಬಂದು, ಅಲ್ಲಿಂದ ಬಸ್ಸು ಹಿಡಿಯುತ್ತಿದ್ದ. ಮನೆಯವರು ಅವನನ್ನು ಮುಂದಿನ ಸಾಲಿನಿಂದ ತೆಗೆದು ತಮ್ಮದೇ ಜಾಗಕ್ಕೆ, ಸೆಂಟರ್ ಹಾಫಿಗೆ ತಂದಿದ್ದರು. "ನನಗಿಂತ ಚೆನ್ನಾಗಿ ನೋಡ್ತಾನ," ಎಂದು ಒಮ್ಮೆ ಹೇಳಿದರು. ಇನ್ನೊಬ್ಬರ ಆಟದ ಬಗ್ಗೆ ಅವರ ಬಾಯಲ್ಲಿ ಅಂಥ ಮಾತು ನಾನು ಕೇಳಿದ್ದು ಅದೊಂದೇ ಸಲ. ಆ ಹುಡುಗನಿಗೆ ತಮಿಳು ಮಾತ್ರ ಗೊತ್ತಿದ್ದುದು. ಪುಳಿಯೋಗರೆಗೆ ಕಡಲೆಕಾಯಿ ಇನ್ನೊಂದು ಹಿಡಿ ಹಾಕಬಹುದು ಎಂದು ಇವರ ಹತ್ತಿರ ಹೇಳಿ ಕಳಿಸುತ್ತಿದ್ದ. ನಾನು ಹಾಕುತ್ತಿದ್ದೆ.

ಪಂದ್ಯಾವಳಿ ದಿಂಡಿಗಲ್‌ನಲ್ಲೇ ನಡೆಯಿತು. ಮೊದಲ ದಿನ ತಂಡದ ಊಟ ನಮ್ಮದೇ ಎಂದು ನಾನೂ ಹೋದೆ. ಹಿಂದಿನ ದಿನ ಅವರು ಪಟ್ಟಿಯನ್ನು ತಾವೇ ಬರೆದು, ಎರಡು ಸಲ ಓದಿ, ಅಣ್ಣನ ಕೈಗೆ ಕೊಟ್ಟಿದ್ದರು. ಮೈದಾನದ ಬೇಲಿಯ ಮೇಲೆ ಇವರ ಮುಖದ ದೊಡ್ಡ ಫ್ಲೆಕ್ಸು. ಅದರಲ್ಲಿ ಕೂದಲು ಎಲ್ಲವೂ ಕಪ್ಪು. "ಮಾಮಾ, ಇದು ಯಾರು?" ಎಂದು ಕೇಳಿದೆ. "ನನ್ನ ತಮ್ಮ ಇರ್ಬೇಕು," ಎಂದರು. ಅಷ್ಟು ಖುಷಿಯಾಗಿದ್ದರು.

ಬೇವಿನ ಮರದ ಕೆಳಗೆ ಮೇಜು. ಆಟಕ್ಕೆ ಒಂದು ಗಂಟೆ ಇರುವಾಗ ಅಣ್ಣ ಟೈಪ್ ಮಾಡಿದ ಪಟ್ಟಿ ತಂದು ಪೆನ್ನಿನ ಜೊತೆ ಇಟ್ಟ. ಮನೆಯವರು ಕನ್ನಡಕ ಹಾಕಿ ಬೆರಳಿಟ್ಟು ಓದುತ್ತ ಬಂದರು. ಸೆಂಟರ್ ಹಾಫ್ ಎಂದಿದ್ದ ಕಡೆ ಬೆರಳು ನಿಂತಿತು.

"ಇದು ನಾ ಬರೆದದ್ದಲ್ಲ."

"ಒಂದು ಹೆಸರು ತಾನ ಮಾಪ್ಳೆ. ಜೆರ್ಸಿ, ಬೂಟು ಎಲ್ಲ ಕೊಟ್ಟೋರ ಅಕ್ಕನ ಮಗ. ಆಡಬ್ಯಾಡ ಅಂದ್ರ ಆಯ್ತದಾ?"

"ಪ್ರಾಕ್ಟೀಸಿಗೆ ಎಷ್ಟು ದಿನ ಬಂದ ಅವನು?"

"ಬರ್ತಾನ ಬಿಡು, ಇನ್ನು ಮ್ಯಾಲೆ ಬರ್ತಾನ."

"ನಾ ಒಂದೇ ಒಂದು ಮಾತು ಕೇಳಿದ್ದೆ ನಿನ್ನ."

"ಯಾರು ಇಲ್ಲ ಅಂದ್ರು? ಈಗ ನೀ ಸೈನ್ ಹಾಕದಿದ್ರ ಟೀಮೇ ಇಲ್ಲ. ಅಷ್ಟೂ ಜನ ಬ್ಯಾಗ್ ಹೊತ್ಕೊಂಡು ಊರಿಗೆ ಹೋಗ್ಬೇಕು. ನೀನೇ ಹೇಳು ಅವರಿಗೆ."

ಮನೆಯವರು ಪೆನ್ನಿಗೆ ಮುಚ್ಚಳ ಹಾಕಿದರು, ಎದ್ದರು, ಚೀಲ ಹೆಗಲಿಗೆ ಹಾಕಿಕೊಂಡರು. ನನಗೆ ನಿಜವಾಗಿ ಸಮಾಧಾನವಾಯಿತು. ಹೋಗೋಣ, ಮೂರು ಗಂಟೆಯ ದಾರಿ, ದ್ರಾಕ್ಷಿ ಚಪ್ಪರಕ್ಕೆ ಇನ್ನೂ ತಂತಿ ಬಿಗಿಯುವುದಿದೆ ಎಂದೆಲ್ಲ ಒಂದೇ ಕ್ಷಣದಲ್ಲಿ ಅಂದುಕೊಂಡೆ. ಆಗ ಅಣ್ಣ ಅವರನ್ನು ತಡೆಯಲಿಲ್ಲ, ನನ್ನ ಕಡೆ ತಿರುಗಿದ.

"ತಂಗಚ್ಚೀ, ತಟ್ಟೆ ತಕ್ಕೊಂಡಿದ್ದು ನೀ ತಾನ? ಇವ ಹಿಂಗ ಎದ್ದು ಹೋದ್ರ, ಇನ್ನು ಮ್ಯಾಲೆ ನಮ್ಮನೆ ತಟ್ಟೆ ನಿನ್ನ ಹೊಸಿಲಿಗೆ ಹೆಂಗ ತರ್ಲಿ? ಅವ್ವಂಗೆ ಏನಂತ ಹೇಳ್ಲಿ, ಹೇಳು."

ತರಬೇಡ ಎನ್ನಬಹುದಿತ್ತು. ನಿನ್ನ ಮಾತು ನೀನು ತಿಂದೆಯಲ್ಲ ಅಣ್ಣಾ, ನನ್ನದನ್ನು ಯಾಕೆ ಹಿಡಿಯುತ್ತೀಯಾ ಎನ್ನಬಹುದಿತ್ತು. ಈಗ ಪಾತ್ರೆ ತೊಳೆಯುವಾಗ, ಬಟ್ಟೆ ಹಿಂಡುವಾಗ ಇಂಥ ಎಷ್ಟೋ ಮಾತು ಬರುತ್ತವೆ. ಅವತ್ತು ಅನ್ನದ ಪಾತ್ರೆಯ ಮುಚ್ಚಳ ಹಿಡಿದುಕೊಂಡು ನಿಂತಿದ್ದೆ. ದೊಡ್ಡಮ್ಮ ಹಾಸಿಗೆ ಹಿಡಿದಿದ್ದಾಳೆ. ಅವಳನ್ನು ನೋಡಲು ಹೋದಾಗ ಬಾಗಿಲು ತೆರೆಯುವವನು ಈ ಅಣ್ಣನೇ. ಅದೇ ಮನಸ್ಸಿನಲ್ಲಿ ಸುತ್ತಿತು.

ಮನೆಯವರು ನನ್ನನ್ನು ನೋಡಿದರು. ಸಿಟ್ಟಿನಿಂದ ನೋಡಿದ್ದರೆ ತಡೆದುಕೊಳ್ಳುತ್ತಿದ್ದೆ. ಬಿಸಿಲಲ್ಲಿ ನಿಂತವರನ್ನು ನೆರಳಿಗೆ ಕರೆಯುವಾಗ ನೋಡುತ್ತೇವಲ್ಲ, ಹಾಗೆ ನೋಡಿದರು. ಚೀಲ ಇಳಿಸಿ, ಕೂತು, ಸಹಿ ಹಾಕಿದರು. ಪೂರ್ತಿ ಹೆಸರು ಬರೆದರು.

"ಅವನಿಗೆ ನಾನೇ ಹೇಳ್ತೀನಿ," ಎಂದು ಎದ್ದು ಹೋದರು.

ಎಸ್ಟೇಟಿನ ಆ ಹುಡುಗ ಒಂದು ಕಾಲಿಗೆ ಬೂಟು ಹಾಕಿ ಇನ್ನೊಂದನ್ನು ಕೈಯಲ್ಲಿ ಹಿಡಿದಿದ್ದ. ಇವರು ಅವನೆದುರು ಕುಕ್ಕರುಗಾಲಲ್ಲಿ ಕೂತರು, ಆ ಮಂಡಿಯಲ್ಲಿ. ಏನು ಹೇಳಿದರೋ ನನಗೆ ಕೇಳಿಸಲಿಲ್ಲ. ಅವನು ತಲೆಯಾಡಿಸುತ್ತಲೇ ಇದ್ದ. ಏಳಲು ಇವರಿಗೆ ಆಗದೆ ಹೋದಾಗ ಕೈ ಕೊಟ್ಟು ಎಬ್ಬಿಸಿದವನೂ ಅವನೇ.

ಪಟ್ಟಿಯಲ್ಲಿ ಇಲ್ಲದವನು ತಂಡದ ಬೆಂಚಿನಲ್ಲಿ ಕೂರುವಂತಿಲ್ಲವಂತೆ. ನನ್ನ ಪಕ್ಕ, ಅನ್ನದ ಪಾತ್ರೆಗಳ ಹತ್ತಿರ ಬಂದು ಕೂತ. ಆಟ ನಡೆಯುತ್ತಿದ್ದಾಗ ತನ್ನಷ್ಟಕ್ಕೆ ಎಂಬಂತೆ ತಮಿಳಿನಲ್ಲಿ, "ಈಗ ಬಲಗಡೆ ಕೊಡ್ಬೇಕಮ್ಮಾ," ಎನ್ನುತ್ತಿದ್ದ. ಅಲ್ಲಿ ಕೊಡುತ್ತಿರಲಿಲ್ಲ. "ಈಗ ನಿಲ್ಲಿಸಿ ನೋಡ್ಬೇಕು." ನಿಲ್ಲಿಸುತ್ತಿರಲಿಲ್ಲ. ಮುಕ್ಕಾಲು ಗಂಟೆಯ ನಂತರ ಬೂಟಿನ ಲೇಸು ಬಿಚ್ಚತೊಡಗಿದ.

ಸೋತಿದ್ದರೂ ಒಂದು ಮಾತಾಗುತ್ತಿತ್ತು. ನಮ್ಮವರು ಒಂದು ಗೋಲಿನಿಂದ ಗೆದ್ದರು. ಅಣ್ಣ ಓಡಿ ಬಂದು ಮನೆಯವರ ಕೊರಳಿಗೆ ಹಾರ ಹಾಕಿದ. "ನೋಡ್ದಾ ಮಾಪ್ಳೆ? ನೀ ಸುಮ್ಮಾ ಭಯ ಬಿದ್ದೆ!" ಫೋಟೋ ತೆಗೆದರು. ಹಾರದೊಳಗೆ ಅವರ ಗಲ್ಲ ಕಾಣುತ್ತಿರಲಿಲ್ಲ. ಊಟಕ್ಕೆ ಎಲೆ ಹಾಕಿದಾಗ ಆ ಹುಡುಗನೇ ಸೌಟು ತೆಗೆದುಕೊಂಡು ಹದಿನೆಂಟೂ ಜನರಿಗೆ ಬಡಿಸಿದ. ಬೇಡಪ್ಪಾ ಎಂದರೂ ಬಿಡಲಿಲ್ಲ. ತನ್ನ ಜಾಗದಲ್ಲಿ ಆಡಿದವನಿಗೆ ಎರಡನೇ ಸಲವೂ ಬಡಿಸಿದ. ಬೋಡಿಯ ಬಸ್ಸಿದೆ ಎಂದು ನನಗೆ ಹೇಳಿ ಹೊರಟ. ಮನೆಯವರಿಗೆ ಹೇಳಿ ಹೋಗಲಿಲ್ಲ.

ದಾರಿಯಲ್ಲಿ ವತ್ತಲಗುಂಡು ದಾಟಿದ ಮೇಲೆ, "ಈ ಮ್ಯಾನೇಜರ್ ಕೆಲಸ ಬಿಟ್ಟುಬಿಡಿ ಮಾಮಾ. ತವರು ನನಗ ಬೇಡ," ಎಂದೆ.

"ಈಗ ಬಿಟ್ರ ಏನು ಬಂತು?" ಎಂದರು. "ಸೈನ್ ಹಾಕ್ಯಾಯ್ತಲ್ಲ."

ನಾನು ಅಲ್ಲಿಂದ ತೇನಿಯವರೆಗೂ ಖಾಲಿ ಪಾತ್ರೆಗಳು ಸದ್ದು ಮಾಡದಂತೆ ಕಾಲಿನಿಂದ ಒತ್ತಿ ಹಿಡಿದು ಕೂತಿದ್ದೆ.

ಮುಂದಿನ ಶುಕ್ರವಾರ ಎರಡು ಪೊಟ್ಟಣ ಕಟ್ಟಿದೆ. ಒಂದು ಹಾಗೆಯೇ ಹಿಂದಕ್ಕೆ ಬಂತು. ಅದರ ಮುಂದಿನ ವಾರವೂ ಬಂತು. ಮನೆಯವರು ಫೋನ್ ಮಾಡುತ್ತಲೇ ಇದ್ದರು. ಪೂರ್ತಿ ರಿಂಗಾಗಿ ನಿಲ್ಲುತ್ತಿತ್ತು. ಭಾನುವಾರ ನಾನು ಮೊಸರು ಕಡೆಯುತ್ತಿದ್ದಾಗ ಅಡುಗೆಮನೆಯ ಬಾಗಿಲಿಗೆ ಬಂದು, "ನಿನ್ನ ಫೋನಿಂದ ಮಾಡಿ ನೋಡ್ತೀಯಾ?" ಎಂದರು.

ಎರಡನೇ ರಿಂಗಿಗೇ ಎತ್ತಿದ. "ಅಮ್ಮಾ, ಚೆನ್ನಾಗಿದೀರಾ?"

"ಇದೀನಪ್ಪಾ. ಅಲ್ಲಿ ಮಳೆನಾ?"

"ನಾಲ್ಕು ದಿನದಿಂದ ಬಿಟ್ಟಿಲ್ಲ. ಏಲಕ್ಕಿ ಕೀಳೋ ಕೆಲಸ ಜಾಸ್ತಿ ಇದೆ. ಮೇಸ್ತ್ರಿ ರಜಾ ಕೊಡಲ್ಲ."

ಮನೆಯವರು ನನ್ನ ಹತ್ತಿರ ಬಗ್ಗಿ, "ಓಡ್ತಾ ಇದಾನಾ ಕೇಳು," ಎಂದು ಪಿಸುಗುಟ್ಟಿದರು.

"ದಿನಾ ಓಡ್ತಾ ಇದೀಯಾಪ್ಪಾ?"

"ಸಾರ್ ಪಕ್ಕದಲ್ಲಿದಾರಾ ಅಮ್ಮಾ?"

ಅವರ ಮುಖ ನೋಡಿದೆ. ಬೇಡ ಎಂದು ತಲೆಯಾಡಿಸಿದರು.

"ಇಲ್ಲಪ್ಪಾ, ತೋಟಕ್ಕೆ ಹೋಗಿದಾರೆ," ಎಂದೆ.

"ಸರಿ ಅಮ್ಮಾ," ಎಂದ. ಆದರೆ ಫೋನ್ ಇಡಲಿಲ್ಲ. ನನಗೂ ಇಡಲಾಗಲಿಲ್ಲ. ಒದ್ದೆ ಕೈಯಲ್ಲಿ ಹಿಡಿದುಕೊಂಡೇ ಇದ್ದೆ. ಇವರು ನನ್ನ ಪಕ್ಕದಲ್ಲಿ, ಉಸಿರಿನ ಸದ್ದೂ ಅವನಿಗೆ ಕೇಳಿಸದಂತೆ ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದರು.